ಆರು ಮಿಲಿಮೀಟರಿನ ಖಾಲಿ ಜಾಗ

1

ಎಲ್ಲಿಂದ ಶುರು ಮಾಡಲಿ? ಬಂದೂಕಿನಿಂದ ಶುರು ಮಾಡಿದರೆ ನೀವು ಕೊಲೆಗೆ ಕಾಯುತ್ತೀರಿ. ಮಂಜಿನಿಂದ ಶುರು ಮಾಡಿದರೆ ಪ್ರೇಮಕ್ಕೆ. ಅರ್ಜಿ ನಮೂನೆಯಿಂದ ಶುರು ಮಾಡಿದರೆ ಪುಟ ಮಗುಚುತ್ತೀರಿ. ತೊಂದರೆ ಏನೆಂದರೆ, ಈ ಕಥೆಯಲ್ಲಿ ನಿಜವಾಗಿ ಇರುವುದು ಅರ್ಜಿ ನಮೂನೆಯೇ. ಬಂದೂಕು ಆಮೇಲೆ ಬರುತ್ತದೆ. ಮಂಜು ಹೇಗೂ ಇರುತ್ತದೆ, ಹಾಸನದ ಅಕ್ಟೋಬರ್ ಅಲ್ಲವೇ.

ಆದ್ದರಿಂದ ಒಣ ಸಂಗತಿಯನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಭಾನುಪ್ರಿಯಾ, ವಯಸ್ಸು ಮೂವತ್ತೊಂಬತ್ತು, ಚನ್ನರಾಯಪಟ್ಟಣದ ಒಂದು ಸರ್ಕಾರಿ ಹೈಸ್ಕೂಲಿನ ಪಿ.ಟಿ. ಮೇಡಂ. ಮುನ್ನೂರು ಮೀಟರ್ ದೂರದ ಕಾಗದದ ಗುರಿಗೆ ಮಲಗಿ ರೈಫಲ್ ಹೊಡೆಯುವ ಕ್ರೀಡಾಪಟು. ಅವಳ ಕೈಯಲ್ಲೊಂದು ನಮೂನೆಯಿದೆ. ಹದಿನೇಳನೇ ಕಾಲಂ: ಕ್ಯಾಲಿಬರ್. ಅಂದರೆ ಯಾವ ಅಳತೆಯ ಕಾಡತೂಸು. ಅದರ ಮುಂದೆ ಖಾಲಿ ಜಾಗ. ಅಲ್ಲಿ ಏನು ಬರೆಯುತ್ತಾಳೋ ಆ ಅಳತೆಯ ರೈಫಲ್ಲು ಅವಳ ಹೆಸರಿಗೆ ಮಂಜೂರಾಗುತ್ತದೆ, ಬದುಕಿನಲ್ಲಿ ಒಂದೇ ಸಲ. ಬರೆದ ಮೇಲೆ ತಿದ್ದುವ ಹಾಗಿಲ್ಲ. ಸೋಮವಾರ ಸಂಜೆ ಐದರೊಳಗೆ ಹಾಸನದ ಕಚೇರಿಯಲ್ಲಿ ಕೊಡಬೇಕು.

(ನೋಡಿ, ಇನ್ನೂ ಪುಟ ಮಗುಚಿಲ್ಲ ನೀವು. ಥ್ಯಾಂಕ್ಸ್.)

2

ಮೊದಲ ಕರಡು ಹೀಗಿತ್ತು:

'ದೊಡ್ಡಮನೆಯ ಗೋಡೆಯ ಮೇಲೆ ಒಂದು ಬಂದೂಕಿತ್ತು. ಅದನ್ನು ಯಜಮಾನನ ಹಿಂದೆ ಮೂವತ್ತೊಂದು ವರ್ಷ ಹೊತ್ತು ನಡೆದವನು ಬೈರಯ್ಯ. ಒಂದು ಸಲವೂ ಅದರ ಕುದುರೆ ಎಳೆಯದವನೂ ಬೈರಯ್ಯ. ಇಂದು ಬೈರಯ್ಯನ ಮಗಳು ಬಂದೂಕು ಎತ್ತಿದ್ದಾಳೆ.'

ಚೆನ್ನಾಗಿದೆಯಲ್ಲ? ನನಗೂ ಹಾಗೇ ಅನಿಸಿತ್ತು. ನಮ್ಮ ಓದುಬಳಗ ತಿಂಗಳ ಎರಡನೇ ಭಾನುವಾರ ಹಾಸನದಲ್ಲಿ, ಬಾಗಿಲು ಮುಚ್ಚಿದ ಒಂದು ಟೈಪಿಂಗ್ ಶಾಲೆಯ ಮಹಡಿಯಲ್ಲಿ ಸೇರುತ್ತದೆ. ಅಲ್ಲಿ ಇಷ್ಟು ಓದಿದ್ದಕ್ಕೇ ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟದೆ ಕೂತವರು ದ್ಯಾವಯ್ಯ ಮಾತ್ರ. ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು, ಬಳಗದ ಹಿರಿಯರು.

"ಬಂದೂಕು ಅಂದ್ಮೇಲೆ ಅದರ ಮೂತಿ ಯಾರ ಕಡಿಕೈತೆ ಅಂತ ಹೇಳ್ಬೇಕು ಕಣವ್ವ" ಎಂದರು. "ಟಿಕೆಟ್ ತಗಂಡ್ಮೇಲೆ ಎಲ್ಲಿಗೆ ಅಂತ ಹೇಳಲ್ವಾ, ಅಂಗೆ."

ಮಾರನೇ ದಿನ ಈ ಪ್ರಶ್ನೆಯನ್ನು ಭಾನುಪ್ರಿಯಾಳಿಗೆ ಒಪ್ಪಿಸಿದೆ. ಅವಳು ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆಸುತ್ತಿದ್ದಳು.

"ಕಾಗದದ ಕಡಿಕೈತೆ ಅಂತ ಹೇಳಿ ಅಕ್ಕ."

"ಅಷ್ಟೇನಾ?"

"ಅಷ್ಟೇ. ಹತ್ತು ಸೆಂಟಿಮೀಟರ್ ಹಳದಿ ಚುಕ್ಕಿ. ಅಪ್ಪ ಯಾರ ಬಂದೂಕು ಹೊತ್ತ ಅನ್ನೋದು ನಂಗೂ ಗೊತ್ತೈತೆ. ಅದನ್ನ ಹೊತ್ಕಂಡು ಮಲಗಿದ್ರೆ ಉಸಿರು ನಿಲ್ಲಲ್ಲ. ಉಸಿರು ನಿಲ್ದೆ ಇದ್ರೆ ಗುರಿ ಸಿಗಲ್ಲ."

(ಇಲ್ಲಿ ಒಂದು ತಪ್ಪೊಪ್ಪಿಗೆ. ಹತ್ತು ಸೆಂಟಿಮೀಟರ್ ಎನ್ನುವುದೂ ಹಳದಿ ಎನ್ನುವುದೂ ನನ್ನ ಕೈವಾಡ. ಆ ಗುರಿಯ ನಡುಭಾಗ ಕಪ್ಪು ಎಂದು ಅವಳು ಆಮೇಲೆ ತಿದ್ದಿದಳು. ನನ್ನ ಕನಸಿನಲ್ಲಿ ಅದು ಹಳದಿಯಾಗಿಯೇ ಬರುತ್ತದೆ, ಹುಚ್ಚೆಳ್ಳಿನ ಹೂವಿನ ಹಾಗೆ. ಅದಕ್ಕೆ ತಿದ್ದಲಿಲ್ಲ.)

ಮೊದಲ ಕರಡು ಬುಟ್ಟಿಗೆ ಹೋಯಿತು.

2

(ಮತ್ತೆ ಎರಡು. ಮೂರಕ್ಕೆ ಹೋಗುವ ಯೋಗ್ಯತೆ ಇನ್ನೂ ಬಂದಿಲ್ಲ.)

ಆಯ್ಕೆ ಇರುವುದು ಎರಡರ ನಡುವೆ. ದೊಡ್ಡದು ಏಳೂವರೆ ಮಿಲಿಮೀಟರಿಗೆ ಒಂದು ಕೂದಲೆಳೆ ಹೆಚ್ಚು. ಸಣ್ಣದು ಆರು. ದೊಡ್ಡದು ಎಲ್ಲರಿಗೂ ಗೊತ್ತಿರುವುದು, ಸುಲಭಕ್ಕೆ ಸಿಗುವುದು, ನಳಿಗೆಯನ್ನೂ ಬೇಗ ಸವೆಸುವುದಿಲ್ಲ. ಆದರೆ ಒದೆಯುತ್ತದೆ. ಎರಡು ವರ್ಷದ ಹಿಂದೆ ಶಾಲೆಯ ಕ್ರೀಡಾಕೂಟಕ್ಕೆ ವಾಲಿಬಾಲ್ ನೆಟ್ ಕಟ್ಟುವಾಗ ಏಣಿ ಜಾರಿ ಭಾನುಪ್ರಿಯಾಳ ಬಲಭುಜ ಮುರಿದಿತ್ತು. ಈಗ ಅಲ್ಲೊಂದು ಉಕ್ಕಿನ ಪಟ್ಟಿ ಇದೆ. ಸ್ಪರ್ಧೆಗೆ ಅರವತ್ತು ಈಡು ಹೊಡೆಯಬೇಕು. ದೊಡ್ಡದರಲ್ಲಿ ಇಪ್ಪತ್ತೈದಕ್ಕೆ ಅವಳ ಬೆರಳು ಜೋಮು ಹಿಡಿಯುತ್ತವೆ.

"ಅಂದ್ರೆ ಸಣ್ಣದೇ ಬರಿ" ಎಂದೆ, ಗೊತ್ತಿಲ್ಲದವರ ಧೈರ್ಯದಲ್ಲಿ.

"ಸಣ್ಣದು ಅಷ್ಟು ದೂರಕ್ಕೆ ನೆಟ್ಟಗೆ ಹೋಗ್ಬೇಕಲ್ಲಕ್ಕ."

ಅದಕ್ಕೆ ಉತ್ತರ ಕೊಟ್ಟವರು ಅವಳ ಗುರು, ಸುಬೇದಾರ್ ಚನ್ನಬಸವಯ್ಯ. ಸೈನ್ಯದಿಂದ ನಿವೃತ್ತರಾಗಿ ಅರಕಲಗೂಡು ತಾಲ್ಲೂಕಿನ ಕೊಣನೂರಿಗೆ ಮರಳಿದವರು. ಗಾಳಿಯನ್ನು ತಾವು ಕಲಿತದ್ದು ಸೈನ್ಯದಲ್ಲಲ್ಲ, ಊರಿನ ತೂಗುಸೇತುವೆಯ ಮೇಲೆ ನಿಂತು, ಅಂಗಾಲಿನಿಂದ, ಎನ್ನುತ್ತಾರೆ.

"ಸಣ್ಣದು ಗಾಳೀಲಿ ತೂರ್ಕಂಡು ಹೋಗ್ತದೆ ಅಂತ ಎಲ್ರೂ ಅಂದ್ಕತಾರೆ" ಎಂದರು ಅವರು, ಮೇಜಿನ ಮೇಲೆ ಎರಡರ ಬಿಡಿ ಗುಂಡನ್ನೂ ನಿಲ್ಲಿಸಿ. "ಗಾಳಿ ಬರೀ ತೂಕ ನೋಡಲ್ಲ ಕಣಮ್ಮ, ಮೈಕಟ್ಟು ನೋಡ್ತದೆ. ಇದರ ಗುಂಡು ಉದ್ದಕ್ಕದೆ, ದಬ್ಬಣ ಇದ್ದಂಗೆ. ಸೀಳ್ಕಂಡು ಹೋಗ್ತದೆ. ದೊಡ್ಡದು ಗಾಳಿ ಜೊತೆ ಗುದ್ದಾಡ್ಕಂಡು ಹೋಗ್ತದೆ. ಗುದ್ದಾಡ್ದೋರು ಬೇಗ ಸುಸ್ತಾಗ್ತಾರೆ."

ನನ್ನ ಪೆನ್ನು ತಾನಾಗಿ ಎದ್ದಿತು. ಸಣ್ಣದು ದೊಡ್ಡದಕ್ಕಿಂತ ದೂರ ಹೋಗುತ್ತದೆ. ದೊಡ್ಡದು ಒದೆಯುತ್ತದೆ, ಸಣ್ಣದು ಸೀಳುತ್ತದೆ. ಅಯ್ಯಾ, ಇಷ್ಟು ಹಣ್ಣಾದ ರೂಪಕ ರಸ್ತೆಯಲ್ಲಿ ಬಿದ್ದಿದ್ದರೆ ಯಾವ ಬಂಡಾಯದ ಕೈ ಸುಮ್ಮನಿರುತ್ತದೆ?

ಭಾನುಪ್ರಿಯಾ ನನ್ನ ಮುಖ ನೋಡಿ ನಕ್ಕಳು. "ಅಕ್ಕ, ಬರ್ಕಬ್ಯಾಡಿ. ಮೊದ್ಲು ಹೊಡ್ದು ನೋಡಾನ."

4

ಮೂರನ್ನು ಹರಿದು ಹಾಕಿದೆ. ಅದರಲ್ಲಿ ಜಿನನಾಥಪುರದ ಬಸದಿಯ ಕಲ್ಲಿನ ಮುಂದೆ ಕೂತು ನಾನು ಅಹಿಂಸೆಯ ಬಗ್ಗೆ ನಾಲ್ಕು ಪುಟ ಯೋಚಿಸಿದ್ದೆ. ಕಲ್ಲು ಒಂದೂ ಮಾತಾಡಲಿಲ್ಲ. ಒಳ್ಳೇದಾಯಿತು.

ಹೊಡೆದು ನೋಡಿದ ದಿನದ ಬಗ್ಗೆ ಬರೆದದ್ದು ಮಾತ್ರ ನನ್ನ ಕಣ್ಣಿಗೆ ಇವತ್ತಿಗೂ ಚೆಂದ. ಅದನ್ನು ಕೊಡುತ್ತೇನೆ, ಒಂದು ಅಕ್ಷರ ಬದಲಿಸದೆ. ದಯವಿಟ್ಟು ನಿಧಾನಕ್ಕೆ ಓದಿ, ಯಾಕೆಂದರೆ ನಾನು ನಿಧಾನಕ್ಕೆ ಓದಲಿಲ್ಲ:

'ಕೊರವಂಗಲದಿಂದ ಆಚೆ, ಕೆಲಸ ನಿಂತ ಕಲ್ಲುಕೋರೆಯ ಹೊಟ್ಟೆಯಲ್ಲಿ ರೈಫಲ್ ಸಂಘದವರು ಪರವಾನಗಿ ಪಡೆದು ಮುನ್ನೂರು ಮೀಟರಿನ ಅಂಗಳ ಮಾಡಿಕೊಂಡಿದ್ದಾರೆ. ಮೂರು ಕಡೆ ಬಂಡೆ. ನಡುವೆ ನೂರು ಮೀಟರಿಗೊಂದು ಕೋಲು, ಕೋಲಿಗೆ ಕೆಂಪು ಸೀರೆಯ ಸೆರಗಿನ ಚೂರು. ಗಾಳಿ ಬಂದರೆ ಅದು ಹೇಳುತ್ತದೆ. ಬಿಸಿಲೇರಿದಾಗ ನೆಲದಿಂದ ಒಂದು ಅಲೆ ಏಳುತ್ತದೆ. ಅದರೊಳಗೆ ಗುರಿಯ ಹಲಗೆ ನೀರಿನಲ್ಲಿ ನಿಂತಂತೆ ತೇಲುತ್ತದೆ. ಭಾನುಪ್ರಿಯಾ ಚಾಪೆಯ ಮೇಲೆ ಬೋರಲು ಮಲಗಿದಳು. ಅವಳು ಮಲಗಿದ್ದು ಕೋರೆಯಲ್ಲಲ್ಲ, ಹೊಳೆನರಸೀಪುರದ ಹೇಮಾವತಿಯ ಮರಳಲ್ಲಿ, ಎದುರಿಗೆ ಹರಿಯುತ್ತಿದ್ದುದು ಗಾಳಿಯಲ್ಲ ಹೊಳೆ, ಅನಿಸಿತು. ಪೆಟ್ಟಿಗೆಯಿಂದ ತೆಗೆದ ಸಣ್ಣ ಕಾಡತೂಸು ಎಳೆಬಿಸಿಲಲ್ಲಿ ಗುಲಾಬಿ ಬಣ್ಣಕ್ಕೆ ಹೊಳೆಯಿತು, ಆಗತಾನೇ ಮಿಂದು ಬಂದ ಮಗುವಿನ ಅಂಗೈಯಂತೆ. ಇಪ್ಪತ್ತು ಈಡು. ಹಲಗೆಯ ಮೇಲೆ ತೂತುಗಳು ಒಂದರ ಕೆಳಗೊಂದು ಇಳಿದಿದ್ದವು, ಕಿಟಕಿಯ ಗಾಜಿನ ಮೇಲೆ ಮಳೆಹನಿ ಇಳಿದಂತೆ.'

ಇಷ್ಟು ಬರೆದು ನಾನೇ ನನ್ನ ಬೆನ್ನು ತಟ್ಟಿಕೊಂಡಿದ್ದೆ.

ಮಳೆಹನಿಯಂತೆ ಎಂದು ಬರೆದದ್ದು ಅವಳಿಗೆ ಅನಾಹುತ. ಗುರಿಯಲ್ಲಿ ತೂತುಗಳು ಗುಂಪಾಗಿ ಬೀಳಬೇಕು. ಅದೇ ದಿನ ಸಂಘದ ಇನ್ನೊಂದು ರೈಫಲ್ಲಿನಲ್ಲಿ ಹೊಡೆದ ದೊಡ್ಡ ಕಾಡತೂಸಿನ ಇಪ್ಪತ್ತೂ ಒಂದು ಮುಷ್ಟಿಯೊಳಗೆ ಬಿದ್ದಿದ್ದವು, ಭುಜ ಸತ್ತು ಹೋಗಿದ್ದರೂ. ಸಣ್ಣದರವು ಒಂದು ಗೇಣು ಉದ್ದಕ್ಕೆ ಚೆಲ್ಲಿದ್ದವು.

ಚನ್ನಬಸವಯ್ಯ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಗಾಳಿ ಆದ್ರೆ ಅಡ್ಡಕ್ಕೆ ಎಳೀತದೆ. ಇದು ಉದ್ದಕ್ಕೆ ಬಿದ್ದದೆ. ಒಂದು ಜೋರಾಗಿ ಹೋಗ್ಯದೆ, ಇನ್ನೊಂದು ಸೋಮಾರಿ ಥರ ಹೋಗ್ಯದೆ. ಒಳಗಿನ ಮದ್ದೇ ಸರಿ ಇಲ್ಲ ಅನ್ನುಸ್ತದೆ."

"ಪೆಟ್ಟಿಗೇನೇ ಕೆಟ್ಟದ್ದಾ ಸಾ?"

"ಹಂಗೇ ಇರ್ಬೇಕು. ಇನ್ನೊಂದು ಪೆಟ್ಟಿಗೆ ತರಿಸೋ ಹೊತ್ಗೆ ಯುಗಾದಿ ಬತ್ತದೆ."

"ಅರ್ಜಿ ಸೋಮವಾರಕ್ಕೆ."

"ಹೂಂ."

ಕೆಂಪು ಚೂರು ಒಮ್ಮೆ ಎದ್ದು ಮಲಗಿತು. ದೊಡ್ಡದನ್ನು ಬರೆದರೆ ವರ್ಷದೊಳಗೆ ಅವಳ ಭುಜ ಮುಗಿಯುತ್ತದೆ, ಅದರ ಜೊತೆ ಆಟ. ಸಣ್ಣದನ್ನು ಬರೆದು ಅದು ನಿಜಕ್ಕೂ ಹೀಗೇ ಚೆಲ್ಲುವುದಾದರೆ, ಬದುಕಿಗೊಂದೇ ಎಂದು ಸಿಕ್ಕ ರೈಫಲ್ಲು ಗೋಡೆಯ ಮೊಳೆಗೆ.

(ಗೋಡೆಯ ಮೇಲೆ ಒಂದು ಬಂದೂಕಿತ್ತು. ನನ್ನ ಮೊದಲ ಸಾಲು ಬುಟ್ಟಿಯಿಂದ ತಲೆ ಎತ್ತಿ ನನ್ನನ್ನೇ ನೋಡಿತು.)

5

ಕನಸು.

ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಐದೈದರ ಸಾಲಿನಲ್ಲಿ ಕನ್ನಡದ ಪದಗಳು ನಿಂತಿವೆ, ಮೂತಿ ಮೇಲೆ ಮಾಡಿಕೊಂಡು. ಕೆಲವು ದಪ್ಪ: ಕ್ರಾಂತಿ, ಶೋಷಣೆ, ಚರಿತ್ರೆ. ಇವು ನಮ್ಮ ಬಳಗದ ದೊಡ್ಡ ಅಳತೆಯವು. ನಾನು ಇಪ್ಪತ್ತು ವರ್ಷ ಹೊಡೆದಿದ್ದೇನೆ, ಸದ್ದಿಗೆ ನನ್ನ ಕಿವಿಯೂ ಅರ್ಧ ಹೋಗಿದೆ. ಕೆಲವು ಸಣ್ಣ: ಗೇಣು, ಜೋಮು, ಹೂಂ. ಯಾವುದು ಮುನ್ನೂರು ಮೀಟರ್ ಹೋಗುತ್ತದೆ ಎಂದು ಕೇಳುತ್ತೇನೆ. ಕನಸಿನಲ್ಲಿ ಚನ್ನಬಸವಯ್ಯ ತೂಗುಸೇತುವೆಯ ನಡುವೆ ನಿಂತು ಅಂಗಾಲು ಎತ್ತಿ ತೋರಿಸುತ್ತಾರೆ. ಅಂಗಾಲಿನಲ್ಲಿ ಏನೋ ಬರೆದಿದೆ. ಕೆಳಗೆ ಕಾವೇರಿ ಸದ್ದಿಲ್ಲದೆ ಹರಿಯುತ್ತಿದೆ. ಓದುವಷ್ಟರಲ್ಲಿ ಸೇತುವೆ ತೂಗುತ್ತದೆ.

(ಕಥೆಯಲ್ಲಿ ಕನಸು ಹಾಕುವವರು ಸೋಮಾರಿಗಳು ಎಂದು ನಾನೇ ಒಮ್ಮೆ ಭಾಷಣ ಮಾಡಿದ್ದೆ. ಆಗ ನನಗೆ ಒಳ್ಳೆ ನಿದ್ದೆ ಬರುತ್ತಿರಲಿಲ್ಲ.)

6

ಓದುಬಳಗದಲ್ಲಿ ಒಂದು ಕಟ್ಟಳೆ ಇದೆ. ಯಾರ ಬಗ್ಗೆ ಬರೆದಿದ್ದೇವೋ ಅವರಿಗೆ ಓದಿ ಹೇಳದೆ ಅಚ್ಚಿಗೆ ಕೊಡಬಾರದು. ದ್ಯಾವಯ್ಯನವರ ಕಟ್ಟಳೆ. "ಅವ್ರ ಕಥೇಲಿ ನಾವು ಟಿಕೆಟ್ ಇಲ್ದೆ ಹತ್ಬಾರ್ದು" ಎನ್ನುತ್ತಾರೆ. ಇದರಿಂದ ನನ್ನ ಮೂರು ಕಥೆ ಸತ್ತಿವೆ, ಎರಡು ಬದುಕಿವೆ.

ಶನಿವಾರ ಸಂಜೆ, ನಾಲ್ಕನೇ ಕರಡು ಹಿಡಿದು ಹೊಳೆನರಸೀಪುರದ ಹೊರಗೆ ಅವರ ಮನೆಗೆ ಹೋದೆ. ಎರಡು ಕೋಣೆಯ ಶೀಟಿನ ಮನೆ. ಭಾನುಪ್ರಿಯಾ ನಮೂನೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದಳು, ಹದಿನೇಳು ಬಿಟ್ಟು ಉಳಿದದ್ದೆಲ್ಲ ತುಂಬಿತ್ತು. ಅವಳ ತಾಯಿ ನಂಜಮ್ಮ ಬಾಗಿಲ ಹತ್ತಿರ ಕಾಲು ಚಾಚಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಗೋಡೆಯ ಮೇಲೆ ಬೈರಯ್ಯನವರ ಫೋಟೋ. ಬಂದೂಕಿಲ್ಲದ ಫೋಟೋ ಹುಡುಕಲು ಬಹಳ ಕಷ್ಟವಾಯಿತಂತೆ.

"ಓದವ್ವ ಓದು" ಎಂದರು ನಂಜಮ್ಮ. "ನಿನ್ನ ಕಥೇಲಿ ನಾನು ಬತ್ತೀನಾ?"

"ಇನ್ನೂ ಬಂದಿಲ್ಲ ಅವ್ವ."

"ಬರ್ದೆ ಏನು. ಈಗ ಬಂದ್ನಲ್ಲ."

ಓದಿದೆ. ಕೋರೆ, ಕೆಂಪು ಸೆರಗು, ಹೇಮಾವತಿಯ ಮರಳು. ಹೊಳೆಯ ಹತ್ತಿರ ನಂಜಮ್ಮ ಕೈ ನಿಲ್ಲಿಸಿ ಕೇಳಿದರು. ಗುಲಾಬಿ ಬಣ್ಣಕ್ಕೆ ಹೊಳೆಯಿತು, ಆಗತಾನೇ ಮಿಂದು ಬಂದ ಮಗುವಿನ ಅಂಗೈಯಂತೆ, ಎಂಬುದನ್ನು ನನಗೆ ನಾನೇ ಮೆಚ್ಚಿ ಎರಡು ಸಲ ಓದಿದೆ.

ನಂಜಮ್ಮ ಸಣ್ಣಗೆ ನಕ್ಕರು.

"ಮತ್ತಿನ್ನೇನು. ಹುಣಸೇಹಣ್ಣು ಹಾಕಿ ತಿಕ್ಕಿದ್ರೆ ಹಿತ್ತಾಳೆ ಇನ್ಯಾವ ಬಣ್ಣಕ್ಕೆ ಬತ್ತದೆ?"

ಅವರೆಕಾಳು ಒಂದು ಉರುಳಿ ನನ್ನ ಕಾಲ ಹತ್ತಿರ ಬಂತು. ಭಾನುಪ್ರಿಯಾ ತಲೆ ಎತ್ತಿದಳು.

"ಯಾವ ಹಿತ್ತಾಳೆ ಅವ್ವ?"

"ನಿನ್ನ ಬಂದೂಕಿನ ತೋಟಾನೇ ಕಣ್ ಮಗ. ಆಯುಧಪೂಜೆ ದಿನ ಬೀಗದ ಕೈ ಕೊಟ್ಟು, ಪೂಜೆ ಮಾಡಿ ಇಡವ್ವ ಅಂತ ಇಸ್ಕೂಲಿಗೆ ಹೋದ್ಯಲ್ಲ. ಮಂಕಾಗಿದ್ವು. ನೆನೆ ಹಾಕಿ, ತಿಕ್ಕಿ, ಮೂರು ನೀರಲ್ಲಿ ಜಾಲಿಸಿ, ಮೊರದಲ್ಲಿ ಬಿಸಿಲಿಗೆ ಇಟ್ಟಿದ್ದೆ. ಸಂಜೆ ಹೊತ್ಗೆ ಚಿನ್ನ ಆಗೋದ್ವು."

ನೆನೆ ಹಾಕಿದ ಕಾಡತೂಸು. ಎಲ್ಲೋ ಕೂದಲಷ್ಟು ಸಂದಿಯಲ್ಲಿ ನೀರು ಇಳಿದು, ಕೆಲವುಗಳ ಮದ್ದು ತೇವವಾಗಿ, ಕೆಲವುಗಳದು ಒಣಗಿಯೇ ಉಳಿದು. ಒಂದು ಜೋರಾಗಿ, ಒಂದು ಸೋಮಾರಿ ಥರ. ಮಳೆಹನಿ ಇಳಿದಂತೆ.

ಸಾಕ್ಷಿ ನನ್ನ ಪುಟದಲ್ಲೇ ಇತ್ತು, ಓದುಗರೇ. ನನ್ನದೇ ಕೈಬರಹದಲ್ಲಿ. ಗುಲಾಬಿ ಬಣ್ಣ ನಾನು ಕಂಡಿದ್ದೆ, ಮಿಂದು ಬಂದದ್ದು ಎಂದೂ ಬರೆದಿದ್ದೆ. ಉಪಮೆ ಎಂದುಕೊಂಡು ದಾಟಿಬಿಟ್ಟೆ. ಭಾನುಪ್ರಿಯಾ ಆ ಅಳತೆಯ ಕಾಡತೂಸನ್ನು ಅದೇ ಮೊದಲು ಕಂಡವಳು. ಕಾರ್ಖಾನೆಯ ಹೊಳಪೇ ಹಾಗೆ ಅಂದುಕೊಂಡಿದ್ದಳು. ಚನ್ನಬಸವಯ್ಯನವರ ಕಣ್ಣು ಅವತ್ತು ಹಲಗೆಯ ಮೇಲೇ ಇತ್ತು, ಪೆಟ್ಟಿಗೆಯ ಮೇಲಲ್ಲ.

"ದೊಡ್ಡದನ್ನೂ ತಿಕ್ಕಿದ್ಯಾ?" ಅವಳ ದನಿ ತೆಳ್ಳಗಾಗಿತ್ತು.

"ಇಲ್ಲ ಕಣ್ ಮಗ. ಅದ್ಯಾಕೋ ಮುಟ್ಟಾಕೆ ಮನಸ್ಸು ಬರ್ನಿಲ್ಲ. ದೊಡ್ಡಮನೇದು ಇದ್ದಂಗಿತ್ತು. ಸಣ್ಣದು ನಮ್ದು ಅನ್ನುಸ್ತು." ಅವರು ಮಗಳ ಮುಖ ಓದುತ್ತಿದ್ದರು. "ಯಾಕ್ ಮಗ? ತಪ್ಪಾಯ್ತಾ?"

ಭಾನುಪ್ರಿಯಾ ನಮೂನೆಯನ್ನು ಮೊಣಕಾಲಿಂದ ಕೆಳಗಿಟ್ಟಳು. ನಂಜಮ್ಮ ನನ್ನ ಕಡೆ ತಿರುಗಿದರು, ಕಥೆ ಬರೆಯುವವರಿಗೆ ಎಲ್ಲ ಗೊತ್ತಿರುತ್ತದೆ ಎಂಬ ಹಾಗೆ.

"ದೊಡ್ಡಮನೆ ಹಿತ್ತಾಳೆ ಎಲ್ಲ ನಾನೇ ತಿಕ್ತಿದ್ದುದು ಕಣವ್ವ, ಹಿತ್ತಲಲ್ಲಿ ಕೂತ್ಕಂಡು. ಕೊಳಗ, ಚೊಂಬು, ದೀಪದ ಕಂಬ, ಬಂದೂಕಿನ ಹಿತ್ತಾಳೆ ಪಟ್ಟಿ. ತಿಕ್ಕಿ ಹೊಸ್ಲು ಹೊರಗಡೆ ಜೋಡಿಸ್ಬೇಕು. ಅವ್ರು ನೀರು ಚಿಮುಕಿಸಿ ಒಳಕ್ಕೆ ತಗಳೋರು. ನನ್ನ ಕೈ ತಾಗಿತ್ತಲ್ಲ." ಒಂದು ಅವರೆಕಾಯಿ ಬಿಡಿಸಿದರು. "ನಮ್ಮನೆಗೆ ಹಿತ್ತಾಳೆ ಅಂತ ಬಂದಿದ್ದು ಇದೇ ಮೊದ್ಲು. ಇಷ್ಟಿಷ್ಟೇ ಪುಟ್ ಪುಟ್ಟವು. ತಿಕ್ಕಿ ನಾನೇ ಒಳಕ್ಕೆ ತಗಂಡೆ. ಯಾರೂ ನೀರು ಚಿಮುಕಿಸ್ನಿಲ್ಲ."

7

ಈ ಏಳನೇ ಭಾಗದಲ್ಲಿ ನಾನು ಸಿಟ್ಟಾಗಬೇಕಿತ್ತು. ಸಿಟ್ಟು ನನ್ನ ಕಸುಬು. ದೊಡ್ಡಮನೆಯ ಹಿತ್ತಲಿನಿಂದ ಹೊರಟ ಆ ಚಿಮುಕಿಸಿದ ನೀರು, ಐವತ್ತು ವರ್ಷ ನಡೆದು, ಒಂದು ಕಾಡತೂಸಿನ ಒಳಗೆ ಇಳಿದು, ಒಬ್ಬ ಹೆಂಗಸಿನ ಗುರಿ ತಪ್ಪಿಸಿತು ಎಂದು ಮೇಜು ಕುಟ್ಟಿ ಬರೆಯಬೇಕಿತ್ತು. ಬರೆದೆ ಕೂಡ. ಎರಡು ಪುಟ. ಭಾನುಪ್ರಿಯಾ ಓದಿ, ನಿಜ ಅಕ್ಕ, ಎಂದಳು. ಆಮೇಲೆ, "ಆದ್ರೆ ಅವ್ವ ಇದನ್ನ ಕೇಳಿಸ್ಕಂಡ್ರೆ ನನ್ನ ಗುರಿ ತಪ್ಪಿಸ್ದೋಳು ತಾನೇ ಅಂತ ಅಂದ್ಕತಾಳೆ. ಅದನ್ನ ಎಲ್ಲಿ ತಿಕ್ಕಿ ತೆಗೀಲಿ?" ಎಂದಳು.

ಎರಡು ಪುಟ ತೆಗೆದೆ. ಸಿಟ್ಟನ್ನು ತೆಗೆದಿಲ್ಲ. ಅದು ಈ ಸಾಲುಗಳ ಕೆಳಗೆ ಮಲಗಿ ಉಸಿರು ಹಿಡಿದಿದೆ.

8

ಶನಿವಾರ ಸಂಜೆಗೇ ಮರಳುತ್ತೇನೆ. ಭಾನುಪ್ರಿಯಾ ಪೆಟ್ಟಿಗೆ ತಂದು ನೆಲದ ಮೇಲೆ ಬಿಚ್ಚಿದಳು. ಐವತ್ತರಲ್ಲಿ ಇಪ್ಪತ್ತು ಹೊಡೆದು ಮುಗಿದಿತ್ತು. ಉಳಿದ ಮೂವತ್ತರಲ್ಲಿ ಇಪ್ಪತ್ತು ಗುಲಾಬಿ. ಕೊನೆಯ ಎರಡು ಸಾಲು ಮಂಕು ಹಳದಿ.

"ಇವ್ಯಾಕೆ ಹಿಂಗವೆ?"

"ಹುಣಸೇಹಣ್ಣು ಮುಗೀತು" ಎಂದರು ನಂಜಮ್ಮ, ಅಪರಾಧ ಒಪ್ಪಿಕೊಳ್ಳುವವರ ಹಾಗೆ. "ಸಾರಿಗೆ ಇರ್ಲಿ ಅಂತ ಒಂಚೂರು ಎತ್ತಿಟ್ಟೆ."

ಒಂದು ದಿನದ ಸಾರಿನ ಹುಳಿ ಹತ್ತು ಕಾಡತೂಸನ್ನು ಉಳಿಸಿತ್ತು.

ಚನ್ನಬಸವಯ್ಯನವರಿಗೆ ಫೋನ್ ಹೋಯಿತು. ಅವರು ಪೂರ್ತಿ ಕೇಳಿದರು. "ನಲವತ್ತು ವರ್ಷ ಬಂದೂಕಿನ ಜೊತೆ ಇದ್ದೀನಿ. ಇದೊಂದು ಕೇಳಿರ್ಲಿಲ್ಲ. ತಿಕ್ಕಿದ್ದನ್ನ ಯಾವುದನ್ನೂ ಇನ್ನು ನಳಿಗೆಗೆ ಹಾಕ್ಬೇಡ, ಅಪಾಯ. ಎತ್ತಿಡು. ಹತ್ತು ಅದಾವಲ್ಲ, ಸಾಕು. ನಾಳೆ ಬೆಳಿಗ್ಗೆ ಬಾ."

"ಅವ್ವನ್ನೂ ಕರ್ಕಂಡು ಬತ್ತೀನಿ ಸಾ."

"ಕರ್ಕಂಡ್ ಬಾ. ಹುಣಸೇಹಣ್ಣು ಮಾತ್ರ ಮನೇಲಿ ಬಿಟ್ಟು ಬರಾಕೆ ಹೇಳು."

9

ಈಗ ನಿಮಗೆ ಮುಕ್ತಾಯ ಬೇಕು. ಇಟ್ಟುಕೊಂಡಿದ್ದೇನೆ, ಮೂರು.

ಒಂದು: ಹತ್ತೂ ಈಡು ಒಂದೇ ರೂಪಾಯಿ ನಾಣ್ಯದೊಳಗೆ ಬೀಳುತ್ತವೆ. ಭಾನುಪ್ರಿಯಾ ಸಣ್ಣದನ್ನು ಬರೆಯುತ್ತಾಳೆ, ರಾಜ್ಯ ತಂಡ ಸೇರುತ್ತಾಳೆ.

"ಆಮೇಲೆ ಹಾಡು ಬತ್ತದಾ?" ಎಂದು ಕೇಳಿದಳು ಭಾನುಪ್ರಿಯಾ, ಇದನ್ನು ಓದಿ.

ಎರಡು: ಹತ್ತೂ ಚೆಲ್ಲುತ್ತವೆ. ಸಣ್ಣದರದೇ ದೋಷ, ಅವ್ವನದಲ್ಲ ಎಂದು ಗೊತ್ತಾಗುತ್ತದೆ. ಅವಳು ದೊಡ್ಡದನ್ನು ಬರೆದು, ನೋವು ನುಂಗಿ, ಒಂದು ವರ್ಷ ಹೊಡೆದು ನಿಲ್ಲಿಸುತ್ತಾಳೆ.

"ನಿಮ್ಮ ಬಳಗ ಕಣ್ಣೊರೆಸ್ಕಳಾಕೆ ನನ್ನ ಭುಜಾನೇ ಬೇಕಾ ಅಕ್ಕ?"

ಮೂರು: ಅವಳು ಹತ್ತನೆಯದನ್ನು ಕಾಗದಕ್ಕೆ ಹೊಡೆಯದೆ ಎದ್ದು, ರೈಫಲ್ ಹೆಗಲಿಗೇರಿಸಿ ದೊಡ್ಡಮನೆಯ ಕಡೆ ನಡೆಯುತ್ತಾಳೆ, ಅಪ್ಪ ಹೊತ್ತ ಬಂದೂಕು ತೂಗಿದ್ದ ಆ ಗೋಡೆಯ ಕಡೆ. (ಇದು ದ್ಯಾವಯ್ಯನವರಿಗಾಗಿ ಬರೆದದ್ದು. ನನಗಾಗಿ ಕೂಡ.)

ಭಾನುಪ್ರಿಯಾ ಬಹಳ ಹೊತ್ತು ನಕ್ಕಳು. "ಆ ಗೋಡೆ ಬಿದ್ದು ಹತ್ತು ವರ್ಷ ಆಯ್ತು ಅಕ್ಕ. ಈಗ ಅಲ್ಲಿ ಮೊಬೈಲ್ ಟವರ್ ಐತೆ. ಗುಂಡು ಹೊಡೆದ್ರೆ ನಿಮ್ಗೇ ನೆಟ್‌ವರ್ಕ್ ಹೋಗ್ತದೆ."

ಮೂರೂ ಮುಕ್ತಾಯಗಳನ್ನು ಪಕ್ಕಕ್ಕೆ ಎತ್ತಿಟ್ಟೆ, ತಿಕ್ಕಿದ ಇಪ್ಪತ್ತರ ಜೊತೆ.

10

ಭಾನುವಾರ. ಕೋರೆಯ ತುಂಬ ಮಂಜು ನಿಂತಿತ್ತು, ಬಟ್ಟಲಲ್ಲಿ ಹಾಲು ನಿಂತ ಹಾಗೆ. ಎಂಟು ಗಂಟೆಗೆ ಅದು ಕದಡಿತು, ಎಂಟೂವರೆಗೆ ಮೊದಲ ಕೆಂಪು ಚೂರು ಕಂಡಿತು, ಆಮೇಲೆ ಎರಡನೆಯದು, ಕೊನೆಗೆ ಎಲ್ಲೋ ಇನ್ನೊಬ್ಬರ ನೆನಪಿನಿಂದ ಬಂದಂತೆ ಹಲಗೆ.

ಚನ್ನಬಸವಯ್ಯ ಎಲ್ಲರಿಗೂ ಕಿವಿಮುಚ್ಚಳ ಕೊಟ್ಟರು, ಹೆಡ್‌ಫೋನಿನಂಥವು. ನಂಜಮ್ಮನವರಿಗೆ ಸೆರಗಿನ ಮೇಲೆಯೇ ಹಾಕಿದರು. ದೂರದರ್ಶಕವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, "ತಾಯಿ, ನೀವಿಲ್ಲಿ ಕಣ್ಣಿಡಿ. ಎಲ್ಲಿ ತೂತು ಬಿತ್ತು ಅಂತ ನೀವೇ ಹೇಳ್ಬೇಕು" ಎಂದರು.

"ನಂಗೆ ಕಾಣ್ತದಾ ಸಾಮಿ?"

"ಆರು ಮಿಲಿಮೀಟರ್ ತೂತು. ಅವರೆಕಾಳಿನ ಒಳಗೆ ಹುಳ ಇರೋದು ಕಾಣಲ್ವಾ ನಿಮ್ಗೆ?"

"ಅದು ಕಾಣ್ತದೆ."

"ಇದೂ ಕಾಣ್ತದೆ."

ಭಾನುಪ್ರಿಯಾ ಮಲಗಿದಳು. ಮೊದಲನೆಯದನ್ನು ನಳಿಗೆಗೆ ಹಾಕುವ ಮುಂಚೆ ಬೆಳಕಿಗೆ ಹಿಡಿದು ನೋಡಿದಳು. ಮಂಕು. ಯಾವುದರಂತೆಯೂ ಇರಲಿಲ್ಲ, ಹಿತ್ತಾಳೆಯಂತೆ ಇತ್ತು.

ಗುಂಡು ಮುನ್ನೂರು ಮೀಟರ್ ಹೋಗಲು ಒಂದು ಸೆಕೆಂಡಿನ ಮೂರನೇ ಒಂದು ಪಾಲು ಸಾಕಂತೆ. ನನಗೆ ಹಾಗನಿಸಲಿಲ್ಲ. ಪ್ರತಿಯೊಂದೂ ಮಂಜಿನ ಕೊನೆಯ ಎಳೆಗಳ ನಡುವೆ ದಾರಿ ಕೇಳಿಕೊಂಡು, ಕೆಂಪು ಸೆರಗುಗಳನ್ನು ಒಂದೊಂದಾಗಿ ದಾಟಿ, ಬಿಡುವಾಗಿ ಹೋದಂತಿತ್ತು. ನಡುವೆ ಎಲ್ಲೋ ಬೈರಯ್ಯನವರು ಖಾಲಿ ಕೈ ಬೀಸಿಕೊಂಡು ನಡೆಯುತ್ತಿದ್ದರು, ಗುಂಡು ಅವರನ್ನು ಬಳಸಿ ಹೋಯಿತು. (ಕ್ಷಮಿಸಿ. ಇದೊಂದನ್ನು ಬಿಡಲಾರೆ. ಭಾನುಪ್ರಿಯಾ ಕೂಡ ಇದನ್ನು ಹೊಡೆದು ಹಾಕಲಿಲ್ಲ.)

ಹತ್ತು. ಅವಳ ಭುಜ ಒಮ್ಮೆಯೂ ಮುಖ ಕಿವುಚಲಿಲ್ಲ. ಆಮೇಲೆ ಕೋರೆಯ ಬಂಡೆಗಳು ಸದ್ದನ್ನು ತಮ್ಮ ತಮ್ಮಲ್ಲೇ ಹಂಚಿಕೊಂಡು ಸುಮ್ಮನಾದವು.

ನಂಜಮ್ಮ ದೂರದರ್ಶಕದಿಂದ ಕಣ್ಣು ತೆಗೆಯಲೇ ಇಲ್ಲ. ತೆಗೆದಾಗ ಕಣ್ಣಿನ ಸುತ್ತ ರಬ್ಬರಿನ ದುಂಡನೆ ಗುರುತಿತ್ತು. ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳ ಕಿವಿಯ ಮುಚ್ಚಳ ಸರಿಸಿ, ಕಿವಿಗೆ ಬಾಯಿಟ್ಟು ಏನೋ ಹೇಳಿದರು. ಬೆರಳಲ್ಲಿ ಗಾಳಿಯ ಮೇಲೆ ಏನೋ ಬರೆದು ತೋರಿಸಿದರು. ಅದು ವೃತ್ತವೋ ಗೆರೆಯೋ ನಾನು ನಿಂತ ಕಡೆಯಿಂದ ತಿಳಿಯಲಿಲ್ಲ. ಭಾನುಪ್ರಿಯಾ ಕಣ್ಣು ಮುಚ್ಚಿಕೊಂಡಳು.

ನನಗೆ ಕೇಳಲಿಲ್ಲ. ಕಿವಿಮುಚ್ಚಳ ತೆಗೆಯಲು ಮರೆತಿದ್ದೆ. ಇಪ್ಪತ್ತು ವರ್ಷ ಎಲ್ಲರ ಪರವಾಗಿ ಕೂಗಿದ ನಾನು, ಕೇಳಲೇಬೇಕಾದ ಒಂದು ಸಾಲಿನ ಹೊತ್ತಿಗೆ ಕಿವಿ ಮುಚ್ಚಿಕೊಂಡು ನಿಂತಿದ್ದೆ. ಆಮೇಲೆ ಕೇಳಿದರೆ, "ಅದು ನಂಗೂ ಅವ್ವಂಗೂ ಇರ್ಲಿ ಅಕ್ಕ" ಎಂದಳು. ಚನ್ನಬಸವಯ್ಯ ಆಗಲೇ ಹಲಗೆಯ ಕಡೆ ನಡೆದು ಹೋಗಿ, ಕಾಗದ ಬಿಚ್ಚಿ, ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಅಷ್ಟು ದೂರದಿಂದ ಅವರ ಮುಖ ಆರು ಮಿಲಿಮೀಟರ್ ಇತ್ತು.

ಭಾನುಪ್ರಿಯಾ ಸುಬೇದಾರರ ಜೀಪಿನ ಬಾನೆಟ್ಟಿನ ಮೇಲೆ ನಮೂನೆ ಹರಡಿದಳು. ಬಾನೆಟ್ಟಿನ ಇಬ್ಬನಿ ಸೆರಗಿನಿಂದ ಒರೆಸಿದವರು ನಂಜಮ್ಮ. ಹದಿನೇಳನೇ ಕಾಲಂ. ಅವಳು ಎಡಗೈ ಅಡ್ಡ ಹಿಡಿದು ಬರೆದಳು, ಪರೀಕ್ಷೆಯಲ್ಲಿ ಪಕ್ಕದವರು ನೋಡದ ಹಾಗೆ ಬರೆಯುತ್ತಾರಲ್ಲ, ಹಾಗೆ. ಪಕ್ಕದವಳು ನಾನು. ಪೆನ್ನು ಎಲ್ಲೂ ತಡೆಯಲಿಲ್ಲ, ಏನನ್ನೂ ಹೊಡೆದು ಹಾಕಲಿಲ್ಲ. ಅಷ್ಟನ್ನು ಮಾತ್ರ ಕಣ್ಣಾರೆ ಕಂಡೆ.

ಯಾವುದು ಎಂದು ನನ್ನನ್ನು ಕೇಳಬೇಡಿ. ಗುಲಾಬಿ ಬಣ್ಣ ಕಂಡೂ ದಾಟಿದವರು ನೀವೂ ಹೌದು, ನಾನೊಬ್ಬಳೇ ಅಲ್ಲ.

ಆ ಹೊತ್ತಿಗೆ ನಂಜಮ್ಮ ಚಾಪೆಯ ಸುತ್ತ ಬಗ್ಗಿ ಒಂದೊಂದಾಗಿ ಆರಿಸುತ್ತಿದ್ದರು. ಹತ್ತು ಖಾಲಿ ಚಿಪ್ಪು, ಇನ್ನೂ ಬೆಚ್ಚಗಿದ್ದವು, ಬಾಯಲ್ಲಿ ಮಸಿ. ಎಣಿಸಿ ಮಡಿಲಿಗೆ ಹಾಕಿಕೊಂಡರು. ಮಗಳ ಹತ್ತಿರ ಬಂದು, ಹೆದರಿ ಹೆದರಿ, ಮಡಿಲು ಸ್ವಲ್ಪ ಬಿಚ್ಚಿ ತೋರಿಸಿದರು.

"ಇವನ್ನ ತಿಕ್ಕಬೋದಾ ಮಗ?"

ಭಾನುಪ್ರಿಯಾ ಪೆನ್ನಿನ ಕ್ಯಾಪು ಮುಚ್ಚಿದಳು.

"ಇವನ್ನ ತಿಕ್ಕವ್ವ. ಎಷ್ಟು ಬೇಕೋ ಅಷ್ಟು ತಿಕ್ಕು."